ಎಡೆಗೆ ಮುಂಚಿನ ತುತ್ತು

ಕಂಪಲಾಪುರದ ನಂಜಯ್ಯನ ಮನೆಯಲ್ಲಿ ಊಟಕ್ಕೊಂದು ಸರದಿ ಇತ್ತು. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಎಲ್ಲರೂ ಕೈ ತೊಳೆದಾದ ಮೇಲೆ ತಳ ಕಂಡ ಪಾತ್ರೆಗಳ ಮುಂದೆ ಸೊಸೆಯರು. ಈ ಸರದಿ ಮಾಡಿದವರು ಯಾರೋ, ಆ ಶಿವನೇ ಬಲ್ಲ. ಕೆಡಿಸಿದವಳು ಯಾರು ಎಂದು ಮಾತ್ರ ಇಡೀ ಊರು ಬಲ್ಲದು. ಆ ಮನೆಯ ಕಿರಿಸೊಸೆ ರಾಧಾ. ಭೇರ್ಯದ ಕಡೆಯ ಹೆಣ್ಣು. ಮಾತು ಕಡಿಮೆ, ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅದಕ್ಕಿಂತ ಕಡಿಮೆ.

ನಂಜಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಹೆಂಡತಿ ಚಿಕ್ಕಬೀರಮ್ಮ ಮನೆಯ ಹಿರಿಯಳು. ದೊಡ್ಡ ಮಗ ಶಿವಶಂಕರ, ಅವನ ಹೆಂಡತಿ ಪುಟ್ಟತಾಯಮ್ಮ, ಅವರಿಗೆ ಮಕ್ಕಳಿರಲಿಲ್ಲ. ಚಿಕ್ಕ ಮಗ ಉಮಾಶಂಕರ ರಾಧಾಳ ಗಂಡ. ಇವರೆಲ್ಲರ ನಡುವೆ ಒಂದೇ ಒಂದು ಕೂಸು, ಆರು ವರ್ಷದ ಶಾಂತಲಾ. ಮನೆಯವರ ಬಾಯಲ್ಲಿ ಸಾಂತು; ಆ ಕಡೆಯ ಮಾತಿನಲ್ಲಿ ಹೆಣ್ಣು ಕೂಸೂ 'ಮಗ'ವೇ. ಮನೆಯ ಹಿಂದೆ ಒಂದಿಷ್ಟು ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಒಂದು ಬ್ಯಾರನ್ನು.

ಅದು ತೊಂಬತ್ತೊಂಬತ್ತನೇ ಇಸವಿಯ ಆಷಾಢ. ಆಗಷ್ಟೇ ಒಂದನೇ ತರಗತಿಗೆ ಸೇರಿದ್ದ ಸಾಂತು ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದವಳು ಮತ್ತೆ ಶುರು ಮಾಡಿದಳು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ, ಮಗುವಿನ ಪಕ್ಕೆಲುಬು ಎಣಿಸಬಹುದಾಗಿತ್ತು. ಪುಟ್ಟತಾಯಮ್ಮ ಜಂತುಹುಳು ಎಂದಳು. ಚಿಕ್ಕಬೀರಮ್ಮ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದಳು. ಒಂದು ಬೆಳಿಗ್ಗೆ ಎಬ್ಬಿಸಿದರೆ ಮಗು ಏಳಲೇ ಇಲ್ಲ. ಶಿವಶಂಕರ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿದ. ಸೌದೆ ಇಳಿಸಿ ಹೋಗುತ್ತಿದ್ದ ಲಾರಿಗೆ ಅಡ್ಡ ನಿಂತು, ಹುಣಸೂರು ಮುಟ್ಟಿಸಿ, ಅಲ್ಲಿಂದ ಮೈಸೂರಿನ ಆಸ್ಪತ್ರೆಗೆ ಒಯ್ದ. ಅವನ ಹೆಗಲಿಲ್ಲದಿದ್ದರೆ ಮಗು ಅವತ್ತೇ ಹೋಗಿಬಿಡುತ್ತಿತ್ತು. ಇದನ್ನು ರಾಧಾ ಯಾವತ್ತೂ ಅಲ್ಲಗಳೆದವಳಲ್ಲ, ಭಾವನ ಜೊತೆ ಜಗಳಕ್ಕೆ ನಿಂತಾಗಲೂ ಅಲ್ಲಗಳೆದವಳಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಇದು ವಯಸ್ಸಾದವರಿಗೆ ಬರೋ ಸಕ್ಕರೆ ಕಾಯಿಲೆ ಅಲ್ಲಮ್ಮ. ತಿಂದ ಅನ್ನ ಮೈಗೆ ಹತ್ತಬೇಕಾದ್ರೆ ಇನ್ಸುಲಿನ್ ಬೇಕು. ಮಗು ಮೈಯಲ್ಲಿ ಅದು ತಯಾರಾಗೋದೇ ನಿಂತುಹೋಗಿದೆ. ದಿನಾ ಎರಡು ಹೊತ್ತು ಸೂಜಿಯಲ್ಲಿ ಕೊಡಬೇಕು. ಸೂಜಿ ಹಾಕಿದ ಅರ್ಧ ಗಂಟೆಗೆ ಊಟ ಆಗಲೇಬೇಕು. ಊಟ ತಡವಾದ್ರೆ ಸಕ್ಕರೆ ತೀರಾ ಇಳಿದುಹೋಗುತ್ತೆ. ಬೆವರು, ನಡುಕ, ಮಂಪರು. ಆಗ ತಕ್ಷಣ ಸಿಹಿ ಕೊಡಿ. ಮಂಪರು ಹತ್ತಿದ್ರೆ ನೀರು ಕುಡಿಸೋಕೆ ಹೋಗಬೇಡಿ, ಒಸಡಿಗೆ ಸವರಿ."

"ಎಷ್ಟು ದಿನ ಮೇಡಂ, ಈ ಸೂಜಿ?"

"ಬದುಕಿರೋವರೆಗೂ."

ರಾಧಾ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು. ಮುಖ ತೊಳೆದು ಒಳಗೆ ಬಂದು, "ಸೂಜಿ ಇಡಿಯೋದು ಎಂಗೆ ಅಂತ ತೋರ್ಸಿ" ಎಂದಳು. ಮಾರನೆಯ ದಿನದಿಂದ ಸೂಜಿ ಹಾಕುವವಳು ಅವಳೇ.

ಊರಿಗೆ ಮರಳಿದ ಮೊದಲ ಸಂಜೆಯೇ ಕಿತ್ತಾಟ ಶುರುವಾಯಿತು.

"ಅತ್ತೆ, ಸಾಂತೂಗೆ ಸೂಜಿ ಆಕಿವ್ನಿ. ಮುದ್ದೆ ಕಟ್ಕೊಡಿ."

"ಗಂಡುಸ್ರು ಇನ್ನೂ ಬ್ಯಾರನ್ ತಾವಿಂದ ಬಂದಿಲ್ವಲ್ಲಮ್ಮಿ" ಎಂದಳು ಚಿಕ್ಕಬೀರಮ್ಮ.

"ಬಂದಾಗ ಬರ್ಲಿ. ಮಗ ಈಗ ಉಣ್ಬೇಕು."

"ಗಂಡುಸ್ರು ಕೂರಾಕ್ ಮುಂಚೆ ಮಡಕೆ ಮುಟ್ಟಿದ್ದೇ ಇಲ್ಲ ಈ ಮನೇಲಿ."

"ಇವತ್ತು ಮುಟ್ತೀನಿ ಬುಡಿ" ಎಂದು ರಾಧಾ ತಾನೇ ಹಿಟ್ಟಿನ ಕೋಲು ಹಿಡಿದು ತೊಳಸಿದಳು. ಶಿವಶಂಕರ ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಸಾಂತು ತಟ್ಟೆಯ ಮುಂದೆ ಕೂತು ಸೊಪ್ಪಿನ ಸಾರಿಗೆ ಮುದ್ದೆ ಅದ್ದುತ್ತಿದ್ದಳು.

"ಏನಿದು? ಮಗ ಉಂಡು ಮಿಕ್ಕಿದ್ದ ನಾವು ಉಣ್ಬೇಕಾ?"

"ಮಿಕ್ಕಿದ್ದೇನು ಬಂತು ಬಾವ, ನಿಮ್ಮ ಮುದ್ದೆ ಬಿಸಿಯಾಗೇ ಅದೆ. ಮಗೀಗೆ ಒತ್ತು ಮೀರಂಗಿಲ್ಲ. ಡಾಕ್ಟ್ರು ನಿಮ್ಮೆದುರ್ಗೇ ಏಳವ್ರೆ."

ಶಿವಶಂಕರನಿಗೆ ಮಗುವಿನ ಮೇಲೆ ಪ್ರಾಣ. ಆದರೆ ಗಂಡಸಿನ ಸರದಿ ಎನ್ನುವುದು ಪ್ರಾಣಕ್ಕಿಂತ ಒಂದು ಮೆಟ್ಟಿಲು ಮೇಲೆ ಕೂತಿತ್ತು. ಅವನು ತಟ್ಟೆಯನ್ನು ಅತ್ತ ಸರಿಸಿ ಎದ್ದುಹೋದ. ಹಸಿವು ತಡೆಯಲಾರದೆ ಆಮೇಲೆ ಬಂದು ಉಂಡ, ಅದು ಬೇರೆ ಮಾತು. ಉಮಾಶಂಕರ ಮಾತ್ರ ಹೆಂಡತಿಯ ಮುಖವನ್ನೂ ನೋಡಲಿಲ್ಲ, ಅಣ್ಣನ ಮುಖವನ್ನೂ ನೋಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಆಸಾಮಿ ಅವನು.

ಹುಣಸೂರಿನ ಒಂದು ಆಸ್ಪತ್ರೆಗೆ ತಿಂಗಳಿಗೊಂದು ಸಲ ಮೈಸೂರಿನಿಂದ ಡಾಕ್ಟರು ಬಂದು ಇಂಥ ಮಕ್ಕಳನ್ನೇ ಕೂರಿಸಿಕೊಂಡು ನೋಡುತ್ತಿದ್ದರು. ತಾಯಂದಿರಿಗೆ ಊಟದ ಲೆಕ್ಕ, ಸೂಜಿಯ ಲೆಕ್ಕ ಹೇಳಿಕೊಡುತ್ತಿದ್ದರು. ಅಲ್ಲಿ ರಾಧಾಳಿಗೆ ಸರಗೂರಿನ ಕೆಂಪಾಜಮ್ಮ ಸಿಕ್ಕಿದಳು. ಅವಳ ಮಗನಿಗೂ ಇದೇ ಕಾಯಿಲೆ, ಮೂರು ವರ್ಷದಿಂದ.

"ಔಸ್ದಿ ಎಲ್ಲಿ ಮಡಗ್ತೀಯವ್ವ? ಫ್ರಿಜ್ ಅದಾ?"

"ಫ್ರಿಜ್ಜಾ! ನಮ್ಮನೇಲಿ ಕರೆಂಟೇ ನಂಟ್ರಂಗೆ ಬಂದೋಯ್ತದೆ."

"ಅಂಗಾರೆ ಒಂದು ದೊಡ್ಡ ಮಡಕೇಲಿ ಮರಳು ತುಂಬು. ನಡೂಕೆ ಒಂದು ಕುಡಿಕೆ ಊಳು. ಕುಡಿಕೇಲಿ ಸೀಸೆ ಮಡಗಿ ಮುಚ್ಚಿ, ಮರಳ್ಗೆ ಎಲ್ಡೊತ್ತೂ ನೀರು ಚಿಮುಕ್ಸು. ಬ್ಯಾರನ್ ಕಡೆ ಗೋಡೇಗೆ ಮಾತ್ರ ಇಕ್ಬೇಡ, ಕಾವು ತಟ್ಟುದ್ರೆ ಕೆಟ್ಟೋಯ್ತದೆ. ಸೆರಗ್ನಲ್ಲಿ ಯಾವಾಗ್ಲೂ ಒಂದುಂಡೆ ಬೆಲ್ಲ ಇರ್ಲಿ." ಕೆಂಪಾಜಮ್ಮ ದನಿ ತಗ್ಗಿಸಿದಳು. "ಇನ್ನೊಂದು ಮಾತು. ನಮ್ಮನೇಲಿ ಯಾರೋ ಏಳುದ್ರು ಅಂತ ನಾನು ಎಲ್ಡು ದಿನ ಸೂಜಿ ಬುಟ್ಟಿದ್ದೆ. ಮೂರ್ನೇ ದಿನ ಮಗಂಗೆ ಏದುಸ್ರು. ಜೀವ ಉಳೀತು, ಅದು ಅವನ ಪುಣ್ಯ, ನಂದಲ್ಲ. ಯಾರು ಏನೇ ಅನ್ಲಿ, ಸೂಜಿ ಬುಡಬ್ಯಾಡ ಕಣವ್ವ."

ರಾಧಾ ಅವತ್ತೇ ಹುಣಸೂರಿನಲ್ಲಿ ಮಡಕೆ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು.

ಸೂಜಿ ಮದ್ದಿನ ದುಡ್ಡಿಗೂ ಒಂದು ರಾದ್ಧಾಂತವಾಯಿತು. ಮನೆಯ ಹಣವೆಲ್ಲ ಶಿವಶಂಕರನ ಕೈಯಲ್ಲಿ. "ಸೊಪ್ಪು ಮಾರಾಟಕ್ಕೆ ಓಗಗಂಟ ಎಲ್ಲಿಂದ ತರ್ಲಿ?" ಎಂದ. ರಾಧಾ ವಾದ ಮಾಡಲಿಲ್ಲ. ಮಾರನೆಯ ದಿನ ಪಕ್ಕದ ಬೀದಿಯವರ ಬ್ಯಾರನ್ನಿಗೆ ಹೋಗಿ, ಸಾಲಿನಲ್ಲಿ ಕೂತು, ಕಡ್ಡಿಗೆ ಸೊಪ್ಪು ಕಟ್ಟಿ ಕೂಲಿ ತಂದಳು.

ಶಿವಶಂಕರ ಕುದಿದುಹೋದ. "ನಂಜಯ್ಯನ ಸೊಸೆ ಕಂಡೋರ ಬ್ಯಾರನ್‌ಗೆ ಕೂಲಿಗೆ ಓದ್ರೆ ನಾನು ತಲೆ ಎತ್ಕೊಂಡ್ ತಿರುಗೋದ್ ಬೇಡ್ವಾ?"

"ಕಂಡೋರು ಕೂಲಿ ಕೊಡ್ತಾರೆ ಬಾವ. ಇಲ್ಲೂ ಅದೇ ಸೊಪ್ಪು ಕಟ್ತೀನಿ, ನೀವು ಕೊಡಾಕಿಲ್ಲ."

ಆ ವಾರದಿಂದ ಇನ್ಸುಲಿನ್ ಸೀಸೆಯನ್ನು ಅವನೇ ಹುಣಸೂರಿನಿಂದ ತರತೊಡಗಿದ. ತಂದದ್ದನ್ನು ಮರಳಿನ ಮಡಕೆಯ ಪಕ್ಕ ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದ. ಸಾಂತು ದುಂಡಗಾದಳು. ಶಾಲೆಗೆ ಓಡತೊಡಗಿದಳು. ಸೂಜಿಗೆ ತೊಡೆ ಕೊಟ್ಟು ಅಧಿಕಾರ ಚಲಾಯಿಸುವುದನ್ನೂ ಕಲಿತಳು. "ಮೆತ್ಗೆ ಚುಚ್ಚವ್ವ, ನಾನೇನು ಗೋಣಿಚೀಲ್ವಾ?"

ಹೀಗೇ ನಡೆದುಕೊಂಡು ಹೋಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಶಿವಶಂಕರ ತಾಯಿಯನ್ನು ಕರೆದುಕೊಂಡು ಎಚ್.ಡಿ. ಕೋಟೆಯಾಚೆ ಎಲ್ಲೋ ಶಾಸ್ತ್ರ ಕೇಳಲು ಹೋದ. ಸಂಜೆ ಬಂದವನ ಮುಖ ಬೆಳಗುತ್ತಿತ್ತು. ಕಾಯಿಲೆಯ ಬೇರು ಸಿಕ್ಕಿಬಿಟ್ಟಿತ್ತಲ್ಲ!

"ಓದ್ ವರ್ಸ ಪಕ್ಸದ ಅಬ್ಬದಲ್ಲಿ ಅಪ್ಪಂಗೆ ಎಡೆ ಕೊರೆ ಆಗದೆ" ಎಂದ. "ಬಾಡು ಮಡಗುದ್ವಿ, ಕಜ್ಜಾಯ ಮಡಗುದ್ವಿ. ಅಪ್ಪ ದಿನಾ ಕುಡೀತಿದ್ದ ಬ್ರಾಂದಿ ಮಡಗ್ಲಿಲ್ಲ. ಅಪ್ಪ ಮುನಿಸ್ಕಂಡವ್ರೆ. ಈ ಸಲ ಒಂದೂ ಕೊರೆ ಇಲ್ದಂಗೆ ಎಡೆ ಇಕ್ಕುದ್ರೆ ಮಗ ಸರಿಯಾಯ್ತಾಳೆ. ಮಾರ್ನೇ ದಿನದಿಂದ ಸೂಜಿ ಬೇಡ."

ರಾಧಾ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಬ್ರಾಂದಿ ಸಿಗ್ನಿಲ್ಲ ಅಂತ ಮಾವಯ್ಯ ಮೊಮ್ಮಗಳ ಮೇಲೆ ಸೇಡು ತೀರಿಸ್ಕಂಡ್ರಾ? ಅಂತೋರಾ ಅವ್ರು?"

ಚಿಕ್ಕಬೀರಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಬಾಯ್ ಮುಚ್ಚಮ್ಮಿ! ನಿಂಗೇನ್ ಗೊತ್ತು ಅವರ ಸುದ್ದಿ? ತಟ್ಟೆ ಮುಂದೆ ಕೂತ್ರೆ ಸಾಂತೂನ ತೊಡೆ ಮೇಲೆ ಕೂರಿಸ್ಕಂಡು, ಮೊದ್ಲ ತುತ್ತು ಆ ಮಗೀನ ಬಾಯ್ಗೆ ಇಕ್ಕಿ ಆಮೇಲೆ ಉಣ್ತಿದ್ರು."

"ನಾನೂ ಅದೇ ಅಂದಿದ್ದು ಅತ್ತೆ. ಎಡೆಗೆ ಏನ್ ಬೇಕಾರೂ ಮಡಗಿ, ನಾನು ಅಡ್ಡ ಬರಾಕಿಲ್ಲ. ಸೂಜಿ ಮಾತ್ರ ಬುಡಾಕಿಲ್ಲ. ಮಾರ್ನೇ ದಿನಾನೂ ಬುಡಾಕಿಲ್ಲ, ಮುಂದ್ಲು ವರ್ಸಾನೂ ಬುಡಾಕಿಲ್ಲ."

"ಅದೆಂಗೆ ಆಕ್ತೀಯ ನೋಡ್ತೀನಿ" ಎಂದ ಶಿವಶಂಕರ. "ಆ ಮಡಕೆ ತಗ್ದು ತಿಪ್ಪೇಗೆ ಬಿಸಾಕ್ತೀನಿ."

"ಬಿಸಾಕಿ. ಮಗೀನ ಕರ್ಕೊಂಡು ಭೇರ್ಯಕ್ಕೆ ಓಯ್ತೀನಿ. ಅಲ್ಲೂ ಮರಳದೆ, ಮಡಕೆ ಅದೆ."

ಅಂಗಳದಲ್ಲಿ ಉಮಾಶಂಕರ ಮೆಲ್ಲಗೆ ಹೆಂಡತಿಯ ಬಳಿ ಬಂದು, "ಆ ಸಮ್ಯಕ್ಕೆ ನೋಡ್ಕೊಳ್ಳುವ ಬುಡು ರಾದಾ" ಎಂದ.

"ಆ ಸಮ್ಯ ದಿನಾ ಎಲ್ಡು ಸಲ ಬತ್ತದೆ" ಎಂದಳು ರಾಧಾ. ಅವನು ಬ್ಯಾರನ್ನಿನ ಬೆಂಕಿ ನೋಡುವ ನೆಪ ಮಾಡಿಕೊಂಡು ಹೋದ.

ಮಹಾಲಯ ಅಮಾವಾಸ್ಯೆ ಬಂತು. ಆ ಕಡೆ ಈ ಹಬ್ಬ ಎಂದರೆ ಸತ್ತ ಹಿರಿಯರು ಮನೆಗೆ ಊಟಕ್ಕೆ ಬರುವ ದಿನ. ಒಳಮನೆಯಲ್ಲಿ ಬಾಳೆಲೆ ಹಾಸಿ, ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಡಿಸಿ, ಬಟ್ಟೆಬರೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಉಂಡು ಹೋಗುವಷ್ಟು ಹೊತ್ತು ಯಾರೂ ಆ ಬಾಗಿಲು ತೆರೆಯುವಂತಿಲ್ಲ. ಎಡೆಗೆ ಮುಂಚೆ ಮನೆಯವರು ಉಣ್ಣುವಂತಿಲ್ಲ. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನಾಲಗೆಗೆ ಹಚ್ಚಿ ನೋಡುವಂತೆಯೂ ಇಲ್ಲ. ನಂಜಯ್ಯನ ಮನೆಯಲ್ಲಿ ಅಡುಗೆ ಮಾಡುವುದೂ ಎಡೆ ಇಡುವುದೂ ಅದೇ ಒಳಮನೆಯಲ್ಲಿ.

ಬೆಳಿಗ್ಗೆಯೂ ಮಧ್ಯಾಹ್ನವೂ ರಾಧಾ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಸಾಂತುವಿಗೆ ಬೇರೆಯಾಗಿ ಬೇಯಿಸಿ ಉಣಿಸಿದಳು. ಪುಟ್ಟತಾಯಮ್ಮ ಕಜ್ಜಾಯದ ಹಿಟ್ಟು ತಟ್ಟುತ್ತ, "ಇಂತಾದ್ದ ಕಂಡಿರ್ಲಿಲ್ಲ, ಕೇಳಿರ್ಲಿಲ್ಲ" ಎಂದು ಗೊಣಗುತ್ತಲೇ ಇದ್ದಳು. ಮಧ್ಯಾಹ್ನದ ಮೇಲೆ ಚಿಕ್ಕಬೀರಮ್ಮ ಸೊಸೆಯನ್ನು ಹಿತ್ತಲಿಗೆ ಕರೆದಳು.

"ಬೆಳಗ್ಗೆ ಉಂಡ್ಲು, ಮದ್ಯಾನ ಉಂಡ್ಲು, ನಾನು ಸುಮ್ಕಿದ್ದೆ. ಸಂಜೇದೊಂದು ಎಡೆ ಆದ್ಮೇಲೆ ಉಣ್ಲಿ ಕಣಮ್ಮಿ. ನನಗೋಸ್ಕರ."

"ಎಡೆ ಯಾವಾಗ ಅತ್ತೆ?"

"ದೀಪ ಅಚ್ಚುತ್ಲೂ."

"ತಡ ಆದ್ರೆ?"

"ಆಗಾಕಿಲ್ಲ. ನಾನು ಮಾತು ಕೊಡ್ತಿವ್ನಿ."

ಅತ್ತೆ ಬಾಯಿಬಿಟ್ಟು ಕೇಳಿಕೊಂಡದ್ದು ಅದೇ ಮೊದಲು. ಹಿರಿಯ ಹೆಂಗಸು, ಗಂಡನನ್ನು ಕಳೆದುಕೊಂಡವಳು, ಅವನಿಗಾಗಿ ಒಂದು ಹೊತ್ತು ಕೇಳುತ್ತಿದ್ದಾಳೆ. ರಾಧಾ ಒಪ್ಪಿದಳು.

ದೀಪ ಹಚ್ಚಿದ್ದಾಯಿತು. ಬಾಳೆಲೆ ಹಾಸಿ ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ, ಬೆಲ್ಲದ ಪಾಯಸ ಬಡಿಸಿದ್ದಾಯಿತು. ಪಕ್ಕದಲ್ಲಿ ಪಂಚೆ, ಬೀಡಿ ಕಟ್ಟು, ಬೆಂಕಿಪೊಟ್ಟಣ. "ಆಕ್ಬುಡು ಸೂಜಿ, ಎಡೆ ಆಗೇ ಓಯ್ತು" ಎಂದಳು ಚಿಕ್ಕಬೀರಮ್ಮ. ರಾಧಾ ಮರಳಿನ ಮಡಕೆಯಿಂದ ಸೀಸೆ ತೆಗೆದು ಸೂಜಿ ಹಾಕಿದಳು. ಆಗ ಶಿವಶಂಕರ ಎಲೆಯ ಮುಂದೆ ಬಗ್ಗಿ ನೋಡಿ, "ಬ್ರಾಂದಿ ಎಲ್ಲಿ?" ಎಂದ.

ಎಲ್ಲರೂ ಉಮಾಶಂಕರನ ಕಡೆ ತಿರುಗಿದರು. ಬೆಳಗಿನಿಂದ ಬ್ಯಾರನ್ನಿನ ಮುಂದೆ ಬೆಂಕಿ ಕಾಯುತ್ತಿದ್ದವನು ಅದನ್ನು ತರುವುದನ್ನೇ ಮರೆತಿದ್ದ.

"ನಮ್ಮೂರಲ್ಲಿ ಸಿಗೋದ ತಂದು ಮಡಗುವ ಅಣ್ಣ" ಎಂದ ಉಮಾಶಂಕರ.

"ಬೇಡ. ಅಪ್ಪ ಕುಡೀತಿದ್ದದ್ದೇ ಆಗ್ಬೇಕು. ಪಿರಿಯಾಪಟ್ಣಕ್ಕೆ ಓಗು, ಸೈಕಲ್ ತಕ್ಕೊಂಡು ಓಗು."

ರಾಧಾ ಮುಂದೆ ಬಂದಳು. "ಬಾವ, ಸೂಜಿ ಆಗೋಗದೆ. ಮಗ ಈಗ ಉಣ್ಬೇಕು."

"ಇನ್ನೇನು ಬಂದ್ಬುಡ್ತಾನೆ. ಇದೆಲ್ಲ ಅವಳಿಗೋಸ್ಕರ ತಾನೆ? ಓದ್ ವರ್ಸ ಕೊರೆ ಆಗಿ ಅನುಬವಿಸಿದ್ದು ಸಾಲ್ದಾ?"

ಅವನು ಒಳಮನೆಯ ಹೊಸ್ತಿಲಿಗೆ ಅಡ್ಡಲಾಗಿ ಕೂತುಬಿಟ್ಟ. ಅನ್ನ, ಹಿಟ್ಟು, ಸಕ್ಕರೆ ಡಬ್ಬಿ ಎಲ್ಲವೂ ಅವನ ಬೆನ್ನ ಹಿಂದೆ. ರಾಧಾ ಅತ್ತೆಯ ಮುಖ ನೋಡಿದಳು. ಚಿಕ್ಕಬೀರಮ್ಮ ಎಲಡಿಕೆ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು.

ಉಮಾಶಂಕರ ಬರಲಿಲ್ಲ. ಅರ್ಧ ಗಂಟೆ ಎಂಬುದು ಎಂದೋ ಮೀರಿತು. ಸಾಂತುವಿನ ಹಣೆಯಲ್ಲಿ ಬೆವರೊಡೆಯಿತು. ಕಾರಣವಿಲ್ಲದೆ ರೇಗಿ ಅಳತೊಡಗಿದಳು. ರಾಧಾ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಉಂಡೆಯನ್ನು ಅವಳ ಬಾಯಿಗಿಟ್ಟಳು.

"ಎಡೆಗೆ ಮುಂಚೆ ಬಾಯಾಡ್ಸುದ್ಲು ನೋಡಿ ಅತ್ತೆ!" ಎಂದು ಪುಟ್ಟತಾಯಮ್ಮ ಕೂಗಿದಳು.

"ಇನ್ನೂ ಆಡ್ಸ್ತೀನಿ ಕಣಕ್ಕ" ಎಂದು ರಾಧಾ ಮಗುವನ್ನು ಸೊಂಟಕ್ಕೇರಿಸಿಕೊಂಡು ಬೀದಿಗಿಳಿದಳು. ಪಕ್ಕದ ಮನೆ ಮರಮ್ಮನ ಬಾಗಿಲಲ್ಲಿ ನಿಂತು ಒಂದು ಹಿಡಿ ಅನ್ನ ಕೇಳಿದಳು. "ಅಯ್ಯೋ ನಮ್ಮವ್ವ, ನಮ್ದೂ ಎಡೆ ಆಗ್ನಿಲ್ವಲ್ಲ" ಎಂದಳು ಮರಮ್ಮ. ಅದರಾಚೆಯ ಮನೆಯಲ್ಲೂ ಅದೇ ಮಾತು. ಅಂಗಡಿಯವನು ಬಾಗಿಲು ಹಾಕಿಕೊಂಡು ತನ್ನ ಹಿರಿಯರಿಗೆ ಎಡೆ ಇಡಲು ಹೋಗಿದ್ದ. ಊರ ತುಂಬ ಬಾಡಿನ ಸಾರಿನ ವಾಸನೆ, ಒಂದು ಕೂಸಿಗೆ ಒಂದು ತುತ್ತಿಲ್ಲ! ಇದೆಂಥ ಹಬ್ಬ ಎಂದುಕೊಳ್ಳುತ್ತ ರಾಧಾ ಬಂದ ದಾರಿಗೇ ತಿರುಗಿದಳು.

ಅವಳು ಮನೆಗೆ ಮರಳುವ ಹೊತ್ತಿಗೆ ಉಮಾಶಂಕರ ಬಂದಿದ್ದ. ಬ್ರಾಂದಿ ಎಲೆಯ ಪಕ್ಕ ಕೂತಿತ್ತು. ಧೂಪ ಹಾಕಿ ಎಲ್ಲರೂ ಹೊರಗೆ ಬಂದು, ಒಳಮನೆಯ ಬಾಗಿಲು ಮುಚ್ಚಿ, ಕೈಕಟ್ಟಿ ನಿಂತಿದ್ದರು. ಸಾಂತುವಿನ ತಲೆ ತಾಯಿಯ ಹೆಗಲ ಮೇಲೆ ಜೋಲುತ್ತಿತ್ತು. ಮೈ ತಣ್ಣಗೆ ಒದ್ದೆ. ಕರೆದರೆ "ಊ" ಎನ್ನುವುದನ್ನೂ ಬಿಟ್ಟಿದ್ದಳು.

"ಬಾಗ್ಲು ತಗೀರಿ" ಎಂದಳು ರಾಧಾ.

ಶಿವಶಂಕರ ಎರಡೂ ಕೈ ಅಗಲಿಸಿ ಬಾಗಿಲಿಗೆ ನಿಂತ. "ಒಳೀಕೆ ಅಪ್ಪ ಉಣ್ತವ್ರೆ. ಒಂದ್ ಗಳಿಗೆ ತಡ್ಕೊ."

"ಒಂದ್ ಗಳಿಗೆ ಇಲ್ಲ ಬಾವ. ಮಗೀನ ಮೊಕ ನೋಡಿ."

"ಈಗ ಬಾಗ್ಲು ತಗುದ್ರೆ ಮನೆ ಆಳಾಯ್ತದೆ!"

ರಾಧಾ ಮಗುವನ್ನು ಗಂಡನ ಕೈಗೆ ಕೊಟ್ಟು ಭಾವನ ಮುಂದೆ ನಿಂತಳು. "ಅವತ್ತು ಈ ಮಗೀನ ಎಗಲ ಮೇಲೆ ಆಕ್ಕೊಂಡು ಓಡಿದ್ರಲ್ಲ ಬಾವ. ಅದೇ ಎಗಲ್ನ ಇವತ್ತು ಅಡ್ಡ ಕೊಟ್ಟಿದ್ದೀರ. ಸರೀರಿ."

ಅವನು ಸರಿಯಲಿಲ್ಲ. ಆದರೆ ಅವನ ಕಣ್ಣು ತಮ್ಮನ ಕೈಯಲ್ಲಿದ್ದ ಮಗುವಿನ ಕಡೆ ಹೊರಳಿತು, ಚಾಚಿದ ಕೈ ಒಂದು ಚೂರು ಇಳಿಯಿತು. ಅಷ್ಟು ಸಾಕಾಯಿತು. ರಾಧಾ ಅದರಡಿಯಲ್ಲಿ ನುಸುಳಿ ಎರಡೂ ಅಂಗೈಯಿಂದ ಬಾಗಿಲು ದೂಡಿದಳು. ಪುಟ್ಟತಾಯಮ್ಮ ಕಿಟಾರನೆ ಕಿರುಚಿದಳು. ಒಳಗೆ ಧೂಪದ ಹೊಗೆ, ಉರಿಯುವ ದೀಪ, ಬಡಿಸಿದಂತೆಯೇ ಇದ್ದ ಎಲೆ. ರಾಧಾ ಬಗ್ಗಿ, ಮಾವಯ್ಯನ ಎಲೆಯಿಂದಲೇ ಬೆಲ್ಲದ ಪಾಯಸವನ್ನು ನಾಲ್ಕು ಬೆರಳಲ್ಲಿ ಬಾಚಿಕೊಂಡಳು.

"ಮಗೀನ ಇಲ್ಲಿ ಮಲಗ್ಸಿ. ಒಂದ್ಕಡೀಕೆ ತಿರುಗ್ಸಿ" ಎಂದಳು. ಉಮಾಶಂಕರ ಅಣ್ಣನ ಮುಖ ನೋಡದೆ ಹೇಳಿದಂತೆ ಮಾಡಿದ. ಅವನು ಅಣ್ಣನನ್ನು ಕೇಳದೆ ಮಾಡಿದ ಮೊದಲ ಕೆಲಸ ಅದು. ರಾಧಾ ಮಗುವಿನ ಕೆನ್ನೆಯೊಳಗೆ ಬೆರಳಿಟ್ಟು ಒಸಡಿಗೆ ಪಾಯಸ ಸವರಿದಳು. ಮತ್ತೆ ಬಾಚಿದಳು, ಮತ್ತೆ ಸವರಿದಳು. "ಸಾಂತೂ, ನುಂಗವ್ವ. ನನ್ನವ್ವ, ನುಂಗು" ಎನ್ನುತ್ತ ರಾಧಾ ಬಾಚುತ್ತಲೇ ಇದ್ದಳು. ಬಾಚಿ ಬಾಚಿ ಎಲೆಯ ಆ ಮೂಲೆ ಬರಿದಾಯಿತು.

ಬಹಳ ಹೊತ್ತಿನ ಮೇಲೆ ಮಗುವಿನ ನಾಲಗೆ ಬೆರಳನ್ನು ನೆಕ್ಕಿತು. ಗಂಟಲು ಆಡಿತು. ಇನ್ನೂ ಒಂದಷ್ಟು ಹೊತ್ತಿಗೆ ಕಣ್ಣು ಬಿಟ್ಟು, ಸುತ್ತ ನಿಂತವರನ್ನು ನೋಡಿ, ಎಲೆಯನ್ನು ನೋಡಿ, "ಅವ್ವ, ಕಜ್ಜಾಯ ಕೊಡು" ಎಂದಳು.

ಉಮಾಶಂಕರ ಮಗುವಿನ ಕಾಲು ಹಿಡಿದುಕೊಂಡು ಅತ್ತ. ಶಿವಶಂಕರನ ಕಣ್ಣಲ್ಲೂ ನೀರಿತ್ತು, ಇಲ್ಲವೆನ್ನುವುದು ಸುಳ್ಳಾದೀತು. ಆದರೆ ಮಗುವಿನ ಭಯ ಕಳೆಯುತ್ತಲೂ ಅವನಿಗೆ ಹಿರಿಯರ ಭಯ ಹತ್ತಿಕೊಂಡಿತು.

"ಎಡೆ ಮುರುದ್ಬುಟ್ಟಲ್ಲ ರಾದಾ. ತಪ್ಪುಕಾಣಿಕೆ ಕಟ್ಟು. ಅರಿಸ್ಣದ ಬಟ್ಟೇಲಿ ಒಂದ್ರುಪಾಯಿ ಕಟ್ಟಿ ಮಡಗಿ, ತಪ್ಪಾಯ್ತು ಅಂತ ಅಪ್ಪನ ಮುಂದೆ ಅಡ್ಡಬೀಳು. ಅಲ್ಲೀಗಂಟ ಈ ಮನೇಲಿ ಯಾರೂ ಉಣ್ಣಂಗಿಲ್ಲ."

ರಾಧಾ ಮಗುವಿನ ಬಾಯಿ ಒರೆಸಿ ಎದ್ದು ನಿಂತಳು. "ಅಡ್ಡ ಬೀಳ್ತೀನಿ ಬಾವ, ನೂರು ಸಲ ಬೀಳ್ತೀನಿ. ಮಾವಯ್ಯಂಗೆ ಬೀಳಾಕೆ ನಂಗೇನು ನಾಚ್ಕೆ? ತಪ್ಪಾಯ್ತು ಅಂತ ಮಾತ್ರ ಅನ್ನಾಕಿಲ್ಲ. ನಾಳೆ ಇಂಗೇ ಆದ್ರೆ ನಾಳೇನೂ ಬಾಗ್ಲು ತಗೀತೀನಿ. ಆ ದೇವ್ರೇ ಬಂದು ಉಣ್ತಾ ಕೂತಿದ್ರೂ ತಗೀತೀನಿ."

"ಕೇಳುದ್ರಾ ಅತ್ತೆ, ಇವಳ ಬಾಯ್ನ!" ಎಂದಳು ಪುಟ್ಟತಾಯಮ್ಮ.

ಚಿಕ್ಕಬೀರಮ್ಮ ಒಳಮನೆಗೆ ಹೋದಳು. ಕದಡಿಹೋದ ಎಲೆಯ ಮುಂದೆ ಮೆಲ್ಲಗೆ ಕೂತಳು. ಮನಸ್ಸಿನಲ್ಲೇ ರಾಧಾ ಬಟ್ಟೆ ಗಂಟು ಕಟ್ಟತೊಡಗಿದ್ದಳು. ಭೇರ್ಯಕ್ಕೆ ಬೆಳಗಿನ ಮೊದಲ ಬಸ್ಸು, ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡರಾಯಿತು. ಅಷ್ಟರಲ್ಲಿ ಅತ್ತೆ ಎಲಡಿಕೆ ಚೀಲಕ್ಕೆ ಕೈ ಹಾಕಿ ಒಂದು ರೂಪಾಯಿ ತೆಗೆದು, ಸೆರಗಿನ ಚುಂಗು ಹರಿದು, ದೇವರ ಬಟ್ಟಲಿನ ಅರಿಶಿನ ಸವರಿ ಅದರಲ್ಲಿ ಕಟ್ಟಿದಳು.

"ಕಾಣಿಕೆ ನಾನು ಮಡಗ್ತೀನಿ ಕಣ್ಲಾ ಶಿವಶಂಕ್ರ. ದೀಪ ಅಚ್ಚುತ್ಲೂ ಎಡೆ ಅಂತ ಮಾತು ಕೊಟ್ಟೋಳು ನಾನು. ನೀನು ಒಸ್ತಿಲ್ಗೆ ಅಡ್ಡ ಕೂತಾಗ ತಲೆ ತಗ್ಸಿ ಎಲಡ್ಕೆ ಉಡುಕ್ದೋಳೂ ನಾನು." ಗಂಟನ್ನು ದೀಪದ ಬುಡಕ್ಕಿಟ್ಟು ಕೈಮುಗಿದಳು. ಆಮೇಲೆ ತಿರುಗಿ, "ಬಾ ಸಾಂತು, ಕೂತ್ಕೊ ಇಲ್ಲಿ" ಎಂದು ಎಲೆಯ ಮುಂದಿನ ಮಣೆ ತೋರಿಸಿದಳು.

"ಅವ್ವಾ! ಅದು ಅಪ್ಪನ ಎಲೆ!"

"ಊ ಕಣ್ಲಾ. ಯಾರ ಎಲೆ ಅಂತ ನೀನು ನಂಗೇಳ್ತೀಯಾ? ಬಾಳುವೆ ಮಾಡ್ದಷ್ಟು ದಿನಾನೂ ಅವರು ಉಂಡ ಎಲೇಲೇ ಉಂಡಿವ್ನಿ. ಈ ಮಗ ಉಟ್ಟಿದ್ಮೇಲೆ ಮೊದ್ಲ ತುತ್ತು ಒಂದಿನಾನಾದ್ರೂ ಅವರು ತಿಂದಿದ್ರಾ? ನೀನೇ ನೋಡಿದ್ದೀಯಲ್ಲ, ಏಳು!"

ಶಿವಶಂಕರ ಬಾಗಿಲು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ಇವತ್ತೂ ಮೊದ್ಲ ತುತ್ತು ಅದುಕ್ಕೇ ಓಗದೆ. ಅವರು ಇದ್ದಿದ್ರೂ ಇದ್ನೇ ಮಾಡ್ತಿದ್ರು. ಆ ಬ್ರಾಂದಿ ತಕ್ಕೊಂಡು ನೀನು ಜಗಲೀಲಿ ಕೂತ್ಕೊ. ಮಗ ಉಂಡು ಏಳಗಂಟ ಗಂಡುಸ್ರು ಒಳೀಕೆ ಕಾಲಿಡ್ಬೇಡಿ. ರಾದಾ, ಇದುಕ್ಕೆ ಬಿಸಿ ಸಾರು ಬುಡು ಬಾರಮ್ಮಿ. ಮುದ್ದೆ ಆರೋಗದೆ."

ರಾಧಾ ಸೌಟು ಹಿಡಿದಳು. ಎಲೆಗೆ ಬಿಸಿ ಸಾರು ಬಿಟ್ಟು, ಆರಿದ ಮುದ್ದೆಯನ್ನು ಮುರಿದು ಅದರಲ್ಲಿ ಅದ್ದಿಟ್ಟಳು. ಸಾಂತು ಕಜ್ಜಾಯವನ್ನು ತಾಯಿ ಕಾಣದಂತೆ ವಡೆಯ ಕೆಳಗೆ ಬಚ್ಚಿಡುತ್ತಿದ್ದಳು. ರಾಧಾ ಕಂಡಳು, ಅರ್ಧ ಮುರಿದು ಅರ್ಧ ಬಿಟ್ಟಳು.

ಶಿವಶಂಕರ ಆ ರಾತ್ರಿ ಉಣ್ಣಲಿಲ್ಲ. ದೀಪಾವಳಿಯವರೆಗೂ ರಾಧಾಳ ಜೊತೆ ಮಾತಾಡಲಿಲ್ಲ. ಆದರೆ ಮಡಕೆ ತಿಪ್ಪೆಗೆ ಹೋಗಲಿಲ್ಲ. ಹಬ್ಬದ ಮಾರನೆಯ ದಿನ ಸೂಜಿಯೂ ನಿಲ್ಲಲಿಲ್ಲ, ಹೊತ್ತಿಗೆ ಸರಿಯಾಗಿ ಚಿಕ್ಕಬೀರಮ್ಮನೇ ಹಿಟ್ಟಿಗೆ ಎಸರಿಟ್ಟು "ಆಕುದ್ಯಾ ಸೂಜಿಯ?" ಎಂದು ಕೂಗಿದಳು. ಸೀಸೆ ಮುಗಿಯುವ ಮುಂಚೆ ಹೊಸ ಸೀಸೆ ಹುಣಸೂರಿನಿಂದ ಬಂದು, ಮರಳಿನ ಪಕ್ಕ ಸದ್ದಿಲ್ಲದೆ ಕೂತಿತ್ತು.

ಊರು ಮಾತ್ರ ಬಿಡಬೇಕಲ್ಲ! ದಸರಾ ರಜೆ ಮುಗಿದು ಶಾಲೆ ಶುರುವಾದ ಬೆಳಿಗ್ಗೆ ರಾಧಾ ಬೋರ್‌ವೆಲ್ ಬಳಿ ನೀರಿಗೆ ಬಂದಳು. ಸಾಲಿನಲ್ಲಿ ನಿಂತಿದ್ದ ಮರಮ್ಮ ಪಕ್ಕದವಳ ಪಕ್ಕೆ ತಿವಿದು, ಕೇಳಿಸಲಿ ಎಂದೇ ಹೇಳಿದಳು. "ಬಂದ್ಲು ನೋಡು, ಎಡೆ ಮುರುದೋಳು."

ರಾಧಾ ಕೊಡವನ್ನು ಕುಕ್ಕಿದಳು.

"ಊ ಕಣಕ್ಕ, ಮುರುದೋಳೇ. ನಮ್ಮ ಸಾಂತು ಒಟ್ಟೆ ತುಂಬ ಉಂಡು ಇಸ್ಕೂಲ್ಗೆ ಓಗವ್ಳೆ. ನಿಮ್ಮ ಕೊಡ ತುಂಬ್ಕಂಡದೆ, ತಗೀರಿ. ಅವಳು ಮದ್ಯಾನ ಬರೋ ಒತ್ಗೆ ನಾನು ಮುದ್ದೆ ಕಟ್ಬೇಕು."